ಬಾಣಂತನದ ಬಾಕಿ

ಮದುವೆಮನೆಗೆ ಹೋದ ಹೆಂಗಸರು ಮೊದಲು ನೋಡುವುದು ಮದುವಣಗಿತ್ತಿಯ ಸೀರೆಯನ್ನು. ಆಮೇಲೆ ಅವಳ ಅತ್ತೆಯ ಮುಖವನ್ನು. ನಾನು ಮೊದಲು ಹುಡುಕುವುದು ಕಕ್ಕಸಿನ ದಾರಿಯನ್ನು. ಅದು ಮಂಟಪದ ಬಲಕ್ಕೋ ಎಡಕ್ಕೋ, ಮೆಟ್ಟಿಲು ಎಷ್ಟು, ಬಾಗಿಲಿಗೆ ಚಿಲಕ ಉಂಟೋ ಇಲ್ಲವೋ, ನಲ್ಲಿಯಲ್ಲಿ ನೀರು ಬರುತ್ತದೆಯೋ, ಇಷ್ಟು ತಿಳಿದುಕೊಂಡ ಮೇಲೆಯೇ ನಾಗಸ್ವರ ನನ್ನ ಕಿವಿಗೆ ಬೀಳುವುದು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹೀಗೆಯೇ ನಡೆದುಬಂದಿದೆ. ಬೆಂಗಳೂರಿನ ಕಲ್ಯಾಣಮಂಟಪಗಳ ಈ ಒಂದು ವಿಭಾಗದ ಮೇಲೆ ಯಾರಾದರೂ ಕೈಪಿಡಿ ಬರೆಸುವುದಾದರೆ ನನ್ನನ್ನು ಧಾರಾಳವಾಗಿ ಕೇಳಬಹುದು.

ಓದುಗರು ಮೂಗು ಮುರಿಯಬಾರದು. ಭಾನುವಾರದ ಬೆಳಗ್ಗೆ, ಕೈಯಲ್ಲಿ ಕಾಫಿಯ ಲೋಟ ಇರುವಾಗ, ಇಂಥ ಮಾತನ್ನು ಎತ್ತಬಾರದೆಂದು ನನಗೂ ಗೊತ್ತು. ಎತ್ತುವುದಕ್ಕೆ ನಮ್ಮಲ್ಲಿ ಸರಿಯಾದ ಶಬ್ದವಾದರೂ ಎಲ್ಲಿದೆ? ತಲೆನೋವು, ಮಂಡಿನೋವು, ಸೊಂಟನೋವು, ಇವನ್ನು ಯಾರು ಬೇಕಾದರೂ ಜಗಲಿಯ ಮೇಲೆ ಕೂತು ಹೇಳಿಕೊಳ್ಳಬಹುದು. ಇದಕ್ಕೆ ಮಾತ್ರ ಶಾಲೆಯ ಮಕ್ಕಳು ಬೆರಳೆತ್ತಿ ಕೇಳುವ ‘ಒಂದಕ್ಕೆ’, ‘ಎರಡಕ್ಕೆ’; ಅದನ್ನು ಬಿಟ್ಟರೆ ರಸ್ತೆಬದಿಯ ಗೋಡೆಯ ಮೇಲೆ ಮೂಲವ್ಯಾಧಿಯ ಪಕ್ಕದಲ್ಲಿ ಬರೆದಿರುವ ‘ಮಲಬದ್ಧತೆ’. ಒಂದು ಎಣಿಕೆ, ಇನ್ನೊಂದು ಜಾಹೀರಾತು. ಇವೆರಡರ ನಡುವೆ, ಸಂಸಾರವಂತ ಹೆಂಗಸೊಬ್ಬಳು ತನ್ನ ಕಷ್ಟವನ್ನು ಮರ್ಯಾದೆಯಿಂದ ಹೇಳಿಕೊಳ್ಳುವಂಥ ಮಾತೇ ಇಲ್ಲ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವಳು ನಾನು. ಹುಡುಗಿಯರಿಗೆ ಸಮಾನಾರ್ಥಕ ಪದಗಳನ್ನು ಉರು ಹೊಡೆಸಿದೆ. ನನಗೆ ಬೇಕಾದ ಒಂದು ಪದ ನನಗೆ ಸಿಕ್ಕಲಿಲ್ಲ.

1986ರಲ್ಲಿ ಚೊಚ್ಚಲ ಹೆರಿಗೆಗೆಂದು ಹಾಸನದ ತವರುಮನೆಗೆ ಹೋದೆ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಶುರುವಾದ ನೋವು ಶನಿವಾರ ರಾತ್ರಿಯಾದರೂ ಮುಗಿಯಲಿಲ್ಲ. ಮಗು ತಲೆ ಕೆಳಗೆ ಮಾಡಿತ್ತು, ಅದೇನೋ ಸರಿ. ಆದರೆ ನೆಲ ನೋಡಬೇಕಾದ ಮುಖ ಆಕಾಶ ನೋಡುತ್ತಿತ್ತಂತೆ. ನರ್ಸಿಂಗ್ ಹೋಮಿನ ಆಯಾ “ದೊಡ್ಡ ಯೋಚನೆಯೋಳು ಹುಟ್ತಾಳೆ ಬಿಡಿ, ಈಗ್ಲೇ ನಕ್ಷತ್ರ ಎಣಿಸ್ತಾ ಇದಾಳೆ” ಎಂದಳು. ಕೊನೆಗೆ ಫೋರ್ಸೆಪ್ಸ್ ಹಾಕಿ ಎಳೆದರು. ಮೂರು ಕಿಲೋ ಒಂಬೈನೂರು ಗ್ರಾಂ ಮಗಳು. ಕೆನ್ನೆಯ ಮೇಲೆ ಎರಡು ಕೆಂಪು ಗುರುತು. ಅವು ಮೂರು ದಿನಕ್ಕೆ ಮಾಯವಾದವು. ನನಗೆ ಬಿದ್ದ ಗುರುತಿನ ಬಗ್ಗೆ ಕೇಳಿದಾಗ ಡಾಕ್ಟರು “ಹೊಲಿಗೆ ಸ್ವಲ್ಪ ಜಾಸ್ತಿ ಆಗಿದೆ, ವಾಸಿಯಾಗುತ್ತೆ” ಎಂದರು. ನನಗೂ ಅಷ್ಟೇ ಸಾಕಾಗಿತ್ತು. ಮಗು ಅತ್ತಿತ್ತು, ನಾನು ಬದುಕಿದ್ದೆ. ಆ ಹೊತ್ತಿನಲ್ಲಿ ಯಾವ ಹೆಂಗಸು ಲೆಕ್ಕ ಕೇಳುತ್ತಾಳೆ?

ಈ ಇಕ್ಕಳದ ಚರಿತ್ರೆಯನ್ನು ನಾನು ಬಹಳ ವರ್ಷಗಳ ಮೇಲೆ ಓದಿದೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಚೇಂಬರ್ಲೆನ್ ಎಂಬ ವೈದ್ಯ ಮನೆತನದವರು ಇದನ್ನು ಕಂಡುಹಿಡಿದು, ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿನವರಿಗೆ ತೋರಿಸದೆ ಬಚ್ಚಿಟ್ಟುಕೊಂಡಿದ್ದರಂತೆ. ಅವರ ಮನೆಯ ಇಕ್ಕಳಗಳು 1813ರಲ್ಲಿ ಎಸೆಕ್ಸ್ ಪ್ರಾಂತದ ಒಂದು ಹಳೆಯ ಮನೆಯ ನೆಲಹಲಗೆಯ ಕೆಳಗೆ ಸಿಕ್ಕವು. ಇದನ್ನು ಓದಿ ನನಗೆ ನಗು ಬಂತು. ಗಂಡಸರು ಉಪಕರಣವನ್ನು ಬಚ್ಚಿಟ್ಟರು. ಹೆಂಗಸರು ಅದರ ಪರಿಣಾಮವನ್ನು ಬಚ್ಚಿಟ್ಟರು. ನಮ್ಮ ನೆಲಹಲಗೆ ಮಾತ್ರ ಇನ್ನೂ ಗಟ್ಟಿ. ಆದರೂ ಆ ಇಕ್ಕಳ ಇಲ್ಲದಿದ್ದರೆ ನಾನೂ ಇಲ್ಲ, ನನ್ನ ಮಗಳೂ ಇಲ್ಲ ಎಂಬುದನ್ನು ಮರೆಯಲಾರೆ. ಬೈಯುವುದಕ್ಕೆ ಮನಸ್ಸು ಬರುವುದಿಲ್ಲ.

ಬಾಣಂತನ ಹಿಡಿದವರು ನಮ್ಮ ದೊಡ್ಡಮ್ಮ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಹಳೆಯ ಸೀರೆಯ ಬಿಗಿ, ಹಂಡೆಯ ನೀರು, ಸಾಂಬ್ರಾಣಿಯ ಹೊಗೆ. ಬೇರೆ ದಿನಗಳಲ್ಲಿ ಬೆಳ್ಳುಳ್ಳಿಯ ಹೆಸರೆತ್ತಬಾರದ ಮನೆಯಲ್ಲಿ ಬಾಣಂತಿಗೆ ಮಾತ್ರ ವಿನಾಯಿತಿ; ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು, ಹಳೆಯ ಅಕ್ಕಿಯ ಅನ್ನ. ಸೊಪ್ಪು ಶೀತ, ಹಣ್ಣು ಶೀತ, ಮಜ್ಜಿಗೆಯಂತೂ ಮಹಾಶೀತ. ಎಲ್ಲಕ್ಕಿಂತ ದೊಡ್ಡ ಶತ್ರು ನೀರು. “ನೀರು ಕುಡಿದರೆ ಹೊಟ್ಟೆ ಇಳಿಬೀಳತ್ತೆ ಕಣೇ, ಆಮೇಲೆ ನನ್ನ ಅನ್ನಬೇಡ” ಎಂದು ದಿನಕ್ಕೆ ಎರಡು ಲೋಟ, ಅದೂ ಬಿಸಿಯಾಗಿ, ಅಳೆದು ಕೊಡುತ್ತಿದ್ದರು. ಇದರ ಮೇಲೆ ಡಾಕ್ಟರು ಕೊಟ್ಟ ಕಬ್ಬಿಣಾಂಶದ ಗುಳಿಗೆ. ನೀರಿಲ್ಲ, ನಾರಿಲ್ಲ, ಕಬ್ಬಿಣ ಉಂಟು! ಎಂಟು ದಿನವಾದರೂ ‘ಎರಡಕ್ಕೆ’ ಇಲ್ಲ. ಹೊಲಿಗೆ ಎಲ್ಲಿ ಬಿಚ್ಚುತ್ತದೋ ಎಂಬ ಭಯಕ್ಕೆ ನಾನೂ ತಡೆದುಕೊಂಡೆ; ತಡೆದಷ್ಟೂ ಗಟ್ಟಿ; ಗಟ್ಟಿಯಾದಷ್ಟೂ ಭಯ. ಒಂಬತ್ತನೆಯ ದಿನ ದೊಡ್ಡಮ್ಮ ಹರಳೆಣ್ಣೆ ಕುಡಿಸಿದರು. ಅಂದಿನದನ್ನು ಬರೆಯುವುದಿಲ್ಲ. ಬಚ್ಚಲಿನ ಗೋಡೆಗೆ ಹಣೆ ಒತ್ತಿ ನಿಂತಿದ್ದು, ಹೊರಗೆ ಮಗು ಹಾಲಿಗೆ ಅಳುತ್ತಿದ್ದುದು, ಇಷ್ಟು ಮಾತ್ರ ಇಂದಿಗೂ ಹಾಗೆಯೇ ಇದೆ.

ಆ ರಾತ್ರಿ ಅಮ್ಮ ಬಾಣಂತಿ ಕೋಣೆಗೆ ಬಂದಳು. ಏನೂ ಕೇಳಲಿಲ್ಲ. ಹಳೆಯ ಸೀರೆಯಿಂದ ಹರಿದು, ಒಗೆದು, ಚೌಕವಾಗಿ ಮಡಿಸಿದ ಬಟ್ಟೆಗಳ ಒಂದು ಕಟ್ಟನ್ನು ನನ್ನ ದಿಂಬಿನ ಪಕ್ಕ ಇಟ್ಟು, “ಬೇಕಾಗತ್ತೆ, ಇಟ್ಕೋ” ಎಂದು ಹೊರಟುಹೋದಳು. ಮಗುವಿಗಿರಬೇಕು ಎಂದುಕೊಂಡೆ.

ಹನ್ನೊಂದನೆಯ ದಿನ ಪುಣ್ಯಾಹ, ನಾಮಕರಣ. ಪುರೋಹಿತರು ಅಕ್ಕಿಯ ಮೇಲೆ ಹೆಸರು ಬರೆಸುತ್ತಿದ್ದರು. ಹಸೆಯ ಮೇಲೆ ಕೂತ ನನಗೆ ಯಾವ ಸೂಚನೆಯೂ ಇಲ್ಲದೆ, ತಡೆಯುವುದಕ್ಕೆ ಒಂದು ಕ್ಷಣದ ವಾಯಿದೆಯೂ ಇಲ್ಲದೆ, ವಾಯು ಹೊರಟುಹೋಯಿತು. ಮಂತ್ರದ ನಡುವೆ ಒಂದು ಚಿಕ್ಕ ನಿಶ್ಶಬ್ದವಿತ್ತು, ಸರಿಯಾಗಿ ಅದರೊಳಗೇ. ಭೂಮಿ ಬಾಯಿಬಿಡಬಾರದೆ ಎಂದು ನಾನು ಕೂತಿರುವಾಗ ನಮ್ಮ ಸೋದರತ್ತೆ ಬಗ್ಗಿ ಮಗುವಿನ ಗಲ್ಲ ಹಿಡಿದು, “ಅಯ್ಯೋ ಕಳ್ಳಿ, ಸಭೇಲೇ ಶುರು ಮಾಡಿಬಿಟ್ಯಾ!” ಎಂದರು. ಎಲ್ಲರೂ ನಕ್ಕರು. ಹುಟ್ಟಿದ ಹನ್ನೊಂದನೆಯ ದಿನಕ್ಕೆ ಮಗಳು ತಾಯಿಯ ಮಾನ ಉಳಿಸಿದಳು.

ಮುಂದಿನ ಮೂವತ್ತು ವರ್ಷ ಇದೇ ಕಥೆಯ ಹಿಗ್ಗುಕುಗ್ಗು. ನಾಲ್ಕು ದಿನ ಕಲ್ಲಿನಂತೆ ಕಟ್ಟಿಕೊಳ್ಳುವುದು, ಐದನೆಯ ದಿನ ಓಡಿಸುವುದು. ಓಡಿಸುವುದೆಂದರೆ ಅಕ್ಷರಶಃ ಓಡಿಸುವುದು. ಹೋಗಬೇಕೆನಿಸಿದ ಮೇಲೆ ನನಗಿದ್ದ ಅವಧಿ ಎರಡು ನಿಮಿಷ. ಕೆಲವು ಸಲ ಅದೂ ಇಲ್ಲ. ಶಾಲೆಯಲ್ಲಿ ಮೂರನೆಯ ಪೀರಿಯಡ್ಡಿನ ಪಾಠವನ್ನು ಅರ್ಧಕ್ಕೆ ಬಿಟ್ಟು, “ಸಂಧಿಗಳನ್ನು ಬರೆಯುತ್ತಿರಿ” ಎಂದು ಹೇಳಿ ಹೋದ ದಿನಗಳಿಗೆ ಲೆಕ್ಕವಿಲ್ಲ. ನನ್ನ ವಿದ್ಯಾರ್ಥಿನಿಯರು ಸಂಧಿಯಲ್ಲಿ ಗಟ್ಟಿಗರಾದದ್ದಕ್ಕೆ ಕಾರಣ ಇದೇ ಇರಬೇಕು. ಕೈಚೀಲದಲ್ಲಿ ಉತ್ತರಪತ್ರಿಕೆಗಳ ಕೆಳಗೆ ಒಂದು ಲಂಗ ಯಾವಾಗಲೂ ಇರುತ್ತಿತ್ತು.

ವೈದ್ಯರ ಬಳಿ ಹೋಗಲಿಲ್ಲವೆ ಎಂದರೆ, ಹೋದೆ. ಹೊಟ್ಟೆ ಸರಿಯಿಲ್ಲ ಎಂದೆ. ಅದಕ್ಕಿಂತ ಕೆಳಗಿನದನ್ನು ಹೇಳಲು ಬಾಯಿ ಬರಲಿಲ್ಲ. ಒಬ್ಬರು ಗ್ಯಾಸ್ಟ್ರಿಕ್ ಎಂದರು. ನಮ್ಮ ನಾಡಿನಲ್ಲಿ ಇದೊಂದು ಶಬ್ದ ಸಕಲ ರೋಗನಾಮಾವಳಿಯ ಕೆಲಸ ಮಾಡುತ್ತದೆ. ಇನ್ನೊಬ್ಬರು ಅಮೀಬಾ ಎಂದು ಗುಳಿಗೆ ನುಂಗಿಸಿದರು, ಬಾಯೆಲ್ಲ ತಾಮ್ರದ ರುಚಿ. ಮತ್ತೊಬ್ಬರು “ಟೀಚರಲ್ಲವೆ? ಟೆನ್ಷನ್ನು” ಎಂದರು. ತ್ರಿಫಲ, ಲೇಹ್ಯ, ರಾತ್ರಿ ಬಿಸಿಹಾಲು, ಬೆಳಗ್ಗೆ ತಣ್ಣೀರು, ಎಲ್ಲ ಆಯಿತು. ಎಲ್ಲರೂ ಹೊಟ್ಟೆಯನ್ನು ಒತ್ತಿ ನೋಡಿದರು. ‘ಮಗು ಹೇಗೆ ಹುಟ್ಟಿತು?’ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಎರಡನ್ನೂ ಸೇರಿಸಿ ನೋಡಲಿಲ್ಲ.

ಹಾಸನದ ಬಸ್ಸು ಹತ್ತುವ ದಿನ ನಾನು ಹಿಂದಿನ ರಾತ್ರಿಯಿಂದಲೇ ಉಪವಾಸ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಬೇರೆಯವರಿಗೆ ಇವು ಊರುಗಳು. ನನಗೆ ದಾಟಬೇಕಾದ ಗಂಡಗಳು. ಯಾಕೆ ಊಟ ಮಾಡಿಲ್ಲ ಎಂದು ಕೇಳಿದವರಿಗೆ ಏಕಾದಶಿ ಎನ್ನುತ್ತಿದ್ದೆ, ಸಂಕಷ್ಟಿ ಎನ್ನುತ್ತಿದ್ದೆ. ಪಂಚಾಂಗ ಕೈಬಿಟ್ಟ ದಿನಗಳಲ್ಲಿ ‘ಒಂದು ಹರಕೆ’ ಎನ್ನುತ್ತಿದ್ದೆ. ಹೀಗೆ ನೆಂಟರಿಷ್ಟರಲ್ಲಿ ನನಗೆ ಮಹಾ ವ್ರತನಿಷ್ಠೆಯ ಹೆಸರು ಬಂತು. ಸೊಸೆಯಂದಿರಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನನ್ನ ಭಕ್ತಿಯೆಲ್ಲ ಹರಿದುಹೋದ ಒಂದು ಸ್ನಾಯುವಿನ ಮೇಲೆ ನಿಂತಿದೆ ಎಂಬುದು ಆಗ ನನಗೇ ಗೊತ್ತಿರಲಿಲ್ಲ.

ಗೊತ್ತಾದದ್ದು 2016ರಲ್ಲಿ. ಮುಟ್ಟು ನಿಂತ ಮೇಲೆ ತೊಂದರೆ ಇಮ್ಮಡಿಸಿತ್ತು. ಮೂಲವ್ಯಾಧಿಯೇ ಇರಬೇಕೆಂದುಕೊಂಡು ಶಸ್ತ್ರವೈದ್ಯೆಯೊಬ್ಬರ ಬಳಿ ಹೋದೆ. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನಾನು ‘ಹೊಟ್ಟೆ’ ಎಂದು ಶುರುಮಾಡುವಷ್ಟರಲ್ಲಿ, ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, “ಹೆರಿಗೆ ಹೇಗಾಯಿತು ಅಮ್ಮ? ಇನ್ಸ್ಟ್ರುಮೆಂಟ್ ಹಾಕಿದ್ರಾ? ಗಾಳಿ ತಡೆಯೋಕೆ ಆಗುತ್ತಾ ನಿಮಗೆ?” ಎಂದರು. ಅಷ್ಟು ಸರಾಗವಾಗಿ, ಹಾಲಿನವನ ಲೆಕ್ಕ ಕೇಳಿದ ಹಾಗೆ. ನಾನು ಉತ್ತರ ಹೇಳಲಿಲ್ಲ, ಅತ್ತೆ. ಐವತ್ತನಾಲ್ಕು ವರ್ಷದ ಹೆಂಗಸು, ಪರರ ಮುಂದೆ ಮೂಗು ಒರೆಸಿಕೊಂಡು ಅತ್ತೆ. ಅವರು ಕಾದರು.

ಆಮೇಲೆ ಒಂದು ಸ್ಕ್ಯಾನ್. ಮಲದ್ವಾರಕ್ಕೆ ಎರಡು ಬಳೆಗಳಿವೆಯಂತೆ. ಒಳಬಳೆ ನಮ್ಮನ್ನು ಕೇಳದೆ ತಾನೇ ಮುಚ್ಚಿಕೊಂಡಿರುತ್ತದೆ. ಹೊರಬಳೆ ನಾವು ‘ತಡಿ’ ಎಂದಾಗ ಬಿಗಿಯುತ್ತದೆ. ವೈದ್ಯೆ ಚಿತ್ರದ ಮೇಲೆ ಬೆರಳಿಟ್ಟು, ಗಡಿಯಾರದಂತೆ ನೋಡಿ ಎಂದರು; ನನ್ನ ಹೊರಬಳೆ ಹನ್ನೊಂದು ಗಂಟೆಯಿಂದ ಎರಡು ಗಂಟೆಯವರೆಗೆ ಇರಲೇ ಇಲ್ಲ. ಹೆರಿಗೆಯ ಗಾಯಕ್ಕೆ ನಾಲ್ಕು ದರ್ಜೆ. ಮೊದಲನೆಯದು ಚರ್ಮ, ಎರಡನೆಯದು ಅದರ ಕೆಳಗಿನ ಮಾಂಸ, ಮೂರನೆಯದು ಈ ಬಳೆ, ನಾಲ್ಕನೆಯದು ಕರುಳಿನ ಒಳಪದರದವರೆಗೆ. ನನ್ನದು ಮೂರನೆಯ ದರ್ಜೆ. ಮೇಲಿನ ಎರಡಕ್ಕೆ ಮಾತ್ರ ಹೊಲಿಗೆ ಬಿದ್ದಿತ್ತು. ಆ ಕಾಲದಲ್ಲಿ ಇದು ಹಲವರ ಕಣ್ಣು ತಪ್ಪುತ್ತಿತ್ತು. ಲಂಡನ್ನಿನ ವೈದ್ಯರು ಈ ಹೊಸ ಸ್ಕ್ಯಾನಿನಿಂದ ಬಾಣಂತಿಯರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು: 79 ಮಂದಿ ಚೊಚ್ಚಲ ಬಾಣಂತಿಯರಲ್ಲಿ 28 ಮಂದಿಗೆ ಬಳೆಗೆ ಪೆಟ್ಟಾಗಿತ್ತು, ಫೋರ್ಸೆಪ್ಸ್ ಹಾಕಿಸಿಕೊಂಡ ಹತ್ತರಲ್ಲಿ ಎಂಟು ಮಂದಿಗೆ. ಪೆಟ್ಟಾದವರಿಗೆಲ್ಲ ತೊಂದರೆ ಬರುವುದಿಲ್ಲ, ಕೆಲವರಿಗೆ ವಯಸ್ಸಾದ ಮೇಲೆ ತಲೆಯೆತ್ತುತ್ತದೆ. ಈ ಅಂಕಿಗಳನ್ನು ಕೇಳಿ ನನಗೆ ಮೊದಲು ಸಮಾಧಾನ, ಆಮೇಲೆ ಸಿಟ್ಟು. ಇಷ್ಟು ಜನ ಇದ್ದೆವೆ? ಎಲ್ಲರೂ ಏಕಾದಶಿ ಮಾಡುತ್ತಿದ್ದೆವೆ?

ಮನೆಗೆ ಬರುವಾಗ ಆಟೋದಲ್ಲಿ ಇದ್ದಕ್ಕಿದ್ದ ಹಾಗೆ ಅಮ್ಮನ ನೆನಪು ಬಂತು. ಅಮ್ಮನ ಕೊನೆಯ ಹೆರಿಗೆ 1968ರಲ್ಲಿ, ನನಗೆ ಆರು ವರ್ಷ. ತಮ್ಮ ಕಾಲು ಮುಂದಾಗಿ ಹುಟ್ಟಿದ. ಸೂಲಗಿತ್ತಿ ಎರಡು ರಾತ್ರಿ ನಮ್ಮ ಮನೆಯಲ್ಲೇ ಇದ್ದಳು. ಅದಕ್ಕೆ ಮೊದಲು ಅಮ್ಮ ನಮ್ಮನ್ನು ಜಾತ್ರೆಗೆ ಕರೆದುಕೊಂಡು ಹೋದದ್ದು, ಪಕ್ಕದ ಮನೆಯ ಜಗಲಿಯಲ್ಲಿ ಚೌಕಾಬಾರ ಆಡಿದ್ದು ನನಗೆ ಮಸುಕಾಗಿ ನೆನಪಿದೆ. ಅದಾದ ಮೇಲೆ ಅಮ್ಮ ಮಡಿಯವಳಾದಳು. ಎಲ್ಲರೂ ಏಳುವ ಮೊದಲೇ ಬಾವಿಕಟ್ಟೆಯಲ್ಲಿ ಅವಳ ಸೀರೆ ಒಗೆದಾಗಿರುತ್ತಿತ್ತು. ಯಾರನ್ನೂ ಹತ್ತಿರ ಬಿಡಳು, ಹೊರಗೆ ಊಟ ಮಾಡಳು, ಪಂಕ್ತಿಯಲ್ಲಿ ಕೂರಳು, ಯಾರ ಮದುವೆಗೂ ಒಂದು ಹೊತ್ತಿಗಿಂತ ಹೆಚ್ಚು ನಿಲ್ಲಳು. ನನ್ನ ಮದುವೆಯಲ್ಲೂ ಹಿತ್ತಿಲ ಬಾಗಿಲ ಬಳಿ ನಿಂತೇ ಅಕ್ಷತೆ ಹಾಕಿದಳು. ನಾವು ಮಕ್ಕಳು ಅವಳ ಮಡಿಯನ್ನು ಆಡಿಕೊಂಡು ನಕ್ಕಿದ್ದೇವೆ. ಓದಿದ ಮಗಳಾದ ನಾನು ಒಂದು ಸಲ “ಈ ಕಾಲದಲ್ಲಿ ಇದೆಲ್ಲ ಏನಮ್ಮ ಮೂಢನಂಬಿಕೆ” ಎಂದು ಉಪನ್ಯಾಸವನ್ನೇ ಕೊಟ್ಟಿದ್ದೆ. ಅವಳು “ನನಗೆ ಹೀಗೇ ಅನುಕೂಲ ಕಣೇ” ಎಂದಳು. 2009ರಲ್ಲಿ ಹೋದಳು. ದಿಂಬಿನ ಪಕ್ಕ ಅವಳು ಇಟ್ಟ ಬಟ್ಟೆಯ ಕಟ್ಟು ಮಗುವಿಗಲ್ಲ, ನನಗೆ. ಒಂದು ಮಾತು ಆಡಿದ್ದರೆ! ಆದರೆ ಯಾವ ಮಾತು? ಆ ಪದ ನನಗೂ ಸಿಕ್ಕಿರಲಿಲ್ಲವಲ್ಲ.

ರಾತ್ರಿ ಊಟವಾದ ಮೇಲೆ, ಧೈರ್ಯ ಕೂಡಿಸಿಕೊಂಡು, ಯಜಮಾನರಿಗೆ ಹೇಳಿದೆ. ಬ್ಯಾಂಕಿನಲ್ಲಿದ್ದವರು, ಮಾತು ಕಡಮೆ. “ರೀ, ನಿಮಗೆ ಒಂದು ವಿಷಯ ಹೇಳಬೇಕಿತ್ತು, ಮೂವತ್ತು ವರ್ಷದಿಂದ” ಎಂದೆ. ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿ, “ಬಸ್ಸಲ್ಲಿ ಬಾಗಿಲ ಪಕ್ಕದ ಸೀಟು, ರೈಲಲ್ಲಿ ಕೊನೇ ಬರ್ತು, ಸಿನಿಮಾದಲ್ಲಿ ಸಾಲಿನ ತುದಿ, ಇಷ್ಟು ವರ್ಷ ಯಾರು ಹಿಡೀತಿದ್ರು ಅಂದುಕೊಂಡಿದ್ದೆ ನೀನು?” ಎಂದರು. ಅದು ಅವರ ಅಭ್ಯಾಸ ಎಂದುಕೊಂಡಿದ್ದೆ. ಎಷ್ಟೋ ಸಲ ರೇಗಿಯೂ ಇದ್ದೆ.

ಚಿಕಿತ್ಸೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಹರಿದ ಬಳೆಯನ್ನು ಶಸ್ತ್ರಕ್ರಿಯೆಯಿಂದ ಮತ್ತೆ ಜೋಡಿಸಬಹುದು. ಆದರೆ ಇಷ್ಟು ಹಳೆಯದಾದ ಮೇಲೆ ಜೋಡಿಸಿದ್ದು ವರ್ಷ ಕಳೆದಂತೆ ಸಡಿಲವಾಗುವುದೇ ಹೆಚ್ಚು ಎಂದು ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲು ಕಸರತ್ತು ಮಾಡಿ ನೋಡೋಣ ಎಂದಾಯಿತು. ಅಮೆರಿಕದ ಕೆಗೆಲ್ ಎಂಬ ವೈದ್ಯರು 1948ರಲ್ಲೇ ಹೇಳಿದ, ಕಟಿಯ ತಳದ ಸ್ನಾಯುಗಳನ್ನು ಬಿಗಿದು ಬಿಡುವ ಕಸರತ್ತು. ನಾನು ಹುಟ್ಟುವ ಮೊದಲೇ ಇದ್ದ ವಿದ್ಯೆ ನನ್ನನ್ನು ತಲುಪಲು ಇಷ್ಟು ದಿನ ಬೇಕಾಯಿತು. ಒಂದು ಸಣ್ಣ ಸಲಕರಣೆ, ಎದುರಿಗೆ ಪರದೆ. ನಾನು ಬಿಗಿಹಿಡಿದರೆ ಪರದೆಯ ಮೇಲೆ ಗೆರೆ ಏರುತ್ತದೆ, ಸೋತರೆ ಇಳಿಯುತ್ತದೆ. ಕಲಿಸುವ ಹುಡುಗಿ “ಆಂಟಿ, ಇನ್ನೈದು ಸೆಕೆಂಡು” ಎಂದು ಹುರಿದುಂಬಿಸುತ್ತಿದ್ದಳು. ಜೀವಮಾನವೆಲ್ಲ ಬೇರೆಯವರಿಗೆ ಅಂಕ ಹಾಕಿದವಳಿಗೆ ಇದೊಂದು ಪರೀಕ್ಷೆ. ಇದರ ಜೊತೆಗೆ ಇಸಬ್‌ಗೋಲ್. ಉತ್ತರ ಗುಜರಾತಿನ ಹೊಲಗಳಲ್ಲಿ ಬೆಳೆಯುವ ಈ ಬೀಜದ ಹೆಸರಿಗೆ ಪಾರಸಿಯಲ್ಲಿ ಕುದುರೆಯ ಕಿವಿ ಎಂದು ಅರ್ಥವಂತೆ. ಅದರ ಹೊಟ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಗಟ್ಟಿಯಾದದ್ದನ್ನು ಮೆತ್ತಗೆ ಮಾಡುತ್ತದೆ, ನೀರಾದದ್ದನ್ನು ಗಟ್ಟಿ ಮಾಡುತ್ತದೆ. ಎರಡು ಪಕ್ಷಕ್ಕೂ ಸಲ್ಲುವ ಇಂಥ ಮಧ್ಯಸ್ಥಗಾರ ನಮ್ಮ ನೆಂಟರಲ್ಲೂ ಇಲ್ಲ. ಇನ್ನೊಂದು, ಕಾಲಿನ ಕೆಳಗೆ ಮಣೆ. ಕುರ್ಚಿಯಂಥ ಕಮೋಡಿನಲ್ಲಿ ಕೂತಾಗ ಕರುಳಿನ ಕೊನೆಯನ್ನು ಸುತ್ತಿ ಹಿಡಿದ ಸ್ನಾಯು ಪೂರ್ತಿ ಸಡಿಲವಾಗುವುದಿಲ್ಲ. ಮಂಡಿ ಮೇಲಕ್ಕೆ ಬಂದರೆ ಆಗುತ್ತದೆ. ಹಬ್ಬದ ದಿನ ಊಟಕ್ಕೆ ಹಾಕುತ್ತಿದ್ದ ಬೀಟೆಮಣೆಗಳಲ್ಲಿ ಒಂದು ಈಗ ಊಟದ ಇನ್ನೊಂದು ತುದಿಯ ಸೇವೆಯಲ್ಲಿದೆ. ಪೂರ್ತಿ ವಾಸಿಯಾಗಿಲ್ಲ. ಎರಡು ನಿಮಿಷದ ಅವಧಿ ಹತ್ತು ನಿಮಿಷವಾಗಿದೆ. ಹತ್ತು ನಿಮಿಷದಲ್ಲಿ ಏನೇನು ಮಾಡಬಹುದೆಂದು ಎರಡು ನಿಮಿಷದವರನ್ನು ಕೇಳಬೇಕು.

ಕಷ್ಟವಾದದ್ದು 2019ರಲ್ಲಿ, ಮಗಳು ಬಸಿರಾಗಿ ಮನೆಗೆ ಬಂದಾಗ. ಹೇಳಿದರೆ ಹೆದರುತ್ತಾಳೆ, ಹೇಳದಿದ್ದರೆ ನಾನೂ ಅವಳ ದಿಂಬಿನ ಪಕ್ಕ ಒಂದು ಬಟ್ಟೆಯ ಕಟ್ಟು ಇಟ್ಟು ಹೊರಟುಹೋದಂತೆ. ಮೂರು ವಾರ ತೂಗಿದೆ. ಒಂದು ಮಧ್ಯಾಹ್ನ ಹುರುಳಿಕಾಯಿ ಬಿಡಿಸುತ್ತ ಕೂತಾಗ ಶುರುಮಾಡಿ, ತಲೆ ಎತ್ತದೆ, ಎಲ್ಲವನ್ನೂ ಹೇಳಿದೆ. ಅಜ್ಜಿಯ ಮಡಿಯನ್ನೂ ಹೇಳಿದೆ. ಅವಳು ಸುಮ್ಮನಿದ್ದಳು. ಬುಟ್ಟಿಯಲ್ಲಿ ಕಾಯಿ ಮುಗಿದ ಮೇಲೆ, “ಅಂದ್ರೆ ನನ್ನಿಂದ ಅಲ್ವಾ ಅಮ್ಮ?” ಎಂದಳು.

ನಾನು ಹೆದರಿದ್ದು ಈ ಪ್ರಶ್ನೆಗೆ. ‘ಛೆ, ಇಲ್ಲ’ ಎಂದರೆ ಅವಳು ನಂಬುವಳಲ್ಲ. “ನಿನ್ನಿಂದ ಅಲ್ಲ, ನಿನ್ನ ತಲೆಯಿಂದ” ಎಂದೆ, “ಆ ತಲೆ ನಿಮ್ಮಪ್ಪನ ಕಡೆಯದು. ಅವರ ಮನೇಲಿ ಎಲ್ಲರಿಗೂ ಟೋಪಿ ದೊಡ್ಡದೇ ಬೇಕು.” ಅವಳು ನಕ್ಕಳು. ನಕ್ಕು ಅತ್ತಳು. ಆಮೇಲೆ ಒಂದು ಕಾಗದ ತಂದು ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ನಂಬರು ಹಾಕಿ ಬರೆದಳು. ಅಪ್ಪನ ಮಗಳು.

ಅವಳ ಕಾಲಕ್ಕೆ ಕೆಲವು ಬದಲಾಗಿವೆ. ಎಲ್ಲರಿಗೂ ಕತ್ತರಿ ಹಾಕುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತ್ತು. ಹೆರಿಗೆಯಾದ ಮೇಲೆ ಡಾಕ್ಟರು ಬೆರಳಿಟ್ಟು ಬಳೆಯನ್ನು ಪರೀಕ್ಷಿಸಿ, “ಎರಡನೇ ದರ್ಜೆ ಗಾಯ, ಬಳೆ ಗಟ್ಟಿಯಾಗಿದೆ, ಎರಡು ಪದರ ಹೊಲಿದಿದ್ದೇನೆ” ಎಂದು ಅವಳಿಗೇ ಹೇಳಿದರು. ಒಂದು ಬೆರಳು, ಅರ್ಧ ನಿಮಿಷ. ನಾನು ಹೊರಗೆ ಕುರ್ಚಿಯಲ್ಲಿ ಕೂತು ಆ ಅರ್ಧ ನಿಮಿಷವನ್ನು ಬಹಳ ಹೊತ್ತು ಯೋಚಿಸಿದೆ.

ಬಾಣಂತನ ನಾನೇ ಮಾಡಿದೆ. ದೊಡ್ಡಮ್ಮನ ಮೆಣಸಿನ ಸಾರು ಬಿಡಲಿಲ್ಲ, ಬೆಳ್ಳುಳ್ಳಿ ಬಿಡಲಿಲ್ಲ. ಸಬ್ಬಸಿಗೆ ಸೊಪ್ಪಿನ ಪಲ್ಯ ಸೇರಿಸಿದೆ, ಹಾಸಿಗೆಯ ಪಕ್ಕ ಎರಡು ಲೀಟರಿನ ತಂಬಿಗೆ ಇಟ್ಟೆ. ಬೀಗಿತ್ತಿ “ಇಷ್ಟು ನೀರೇ!” ಎಂದರು. “ಹೊಟ್ಟೆ ಇಳಿಬಿದ್ದರೆ ನಾನು ನೋಡಿಕೊಳ್ಳುತ್ತೇನೆ” ಎಂದೆ. ಮೂರನೆಯ ದಿನ ಮಗಳು ಬಚ್ಚಲಿನಿಂದ ಹೊರಗೆ ಬಂದು, ಬಾಗಿಲು ಹಿಡಿದು ನಿಂತು, ಕೂಡದಲ್ಲಿ ಅಪ್ಪ, ಗಂಡ, ಬೀಗರು ಎಲ್ಲ ಇರುವಾಗಲೇ “ಅಮ್ಮಾ, ಆಯ್ತು!” ಎಂದು ಕೂಗಿದಳು. ಬೀಗರು ಪೇಪರು ಅಡ್ಡ ಹಿಡಿದುಕೊಂಡರು.

ಬರುವ ತಿಂಗಳು ಶಿವಮೊಗ್ಗದಲ್ಲಿ ನಾದಿನಿಯ ಮೊಮ್ಮಗನ ಮದುವೆ. ಯಜಮಾನರು ರೈಲಿನಲ್ಲಿ ಎಂದಿನ ಜಾಗ ಹಿಡಿದಿದ್ದಾರೆ. ಕಲ್ಯಾಣಮಂಟಪಕ್ಕೆ ಫೋನೂ ಮಾಡಿದ್ದಾರೆ. ಊಟದ ಹಾಲಿನ ಬಲಕ್ಕೆ ಎರಡು, ಮೆಟ್ಟಿಲಿಲ್ಲ, ಚಿಲಕ ಇದೆ. ಈ ಸಲ ಏಕಾದಶಿ ಇಲ್ಲ. ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುವ ಯೋಚನೆ ಇದೆ. ಚಿರೋಟಿ ಬೇಡ, ಬಾದಾಮಿ ಹಾಲು ನನಗೆ ಈಗಲೂ ಆಗುವುದಿಲ್ಲ.